ದೋಣಿಗೆ ಮಣ್ಣು ತುಂಬಬೇಡಿ

ಹಳೆಯ ಮರದ ದೋಣಿಯನ್ನು ತಂದು ಅಂಗಳದಲ್ಲಿಟ್ಟು ಅಲಂಕರಿಸುವುದಕ್ಕೆ ನನ್ನ ತಕರಾರಿಲ್ಲ. ಸೌದೆಯಾಗಿ ಒಲೆ ಸೇರುವುದಕ್ಕಿಂತ ಅದು ಎಷ್ಟೋ ಮೇಲು. ಸಿಟ್ಟು ಬರುವುದು, ಅದರೊಳಗೆ ಬುಟ್ಟಿಗಟ್ಟಲೆ ಕೆಂಪು ಮಣ್ಣು ಸುರಿದು, ಹೂವಿನ ಗಿಡ ನೆಟ್ಟು, ಬೆಳಿಗ್ಗೆ ಸಂಜೆ ಪೈಪಿನಲ್ಲಿ ನೀರು ಬಿಡುವವರ ಮೇಲೆ. ನಮ್ಮ ಕರಾವಳಿಯ ರೆಸಾರ್ಟ್‌ಗಳಲ್ಲಿ, ಮೀನೂಟದ ಹೋಟೆಲುಗಳ ಮುಂದೆ ಈ ನೋಟ ಈಗ ಸಾಮಾನ್ಯ.

ಸಮುದ್ರದಲ್ಲೇ ಬಾಳಿದ ಮರಕ್ಕೆ ಇಷ್ಟು ನೀರು ಯಾವ ಲೆಕ್ಕ ಎನ್ನುತ್ತಾರೆ. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳುವಿನ ಕಾಟವಿದೆ, ನಿಜ. ಆದರೆ ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಆಗಿಬರುವುದಿಲ್ಲ. ಅದಕ್ಕೆ ಬೇಕಾದದ್ದು ಸಿಹಿನೀರಿನ ತೇವ. ಮಣ್ಣು ತುಂಬಿದ ದೋಣಿ ಅದಕ್ಕೆ ಹಬ್ಬದೂಟ, ಗೆದ್ದಲೂ ಬಂದು ಪಂಕ್ತಿಯಲ್ಲಿ ಕೂರುತ್ತದೆ. ಮೀನುಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆಳೆದು ತೆಂಗಿನ ಮಡಲಿನ ಮಾಡಿನಡಿ ಇಡುತ್ತಿದ್ದರು, ಹಲಗೆಗೆ ಮೀನೆಣ್ಣೆ ಬಳಿಯುತ್ತಿದ್ದರು. ರಂಪಣಿ ಎಂಬ ದೊಡ್ಡ ಎಳೆಬಲೆಯನ್ನು ಒಯ್ಯುವ ದೋಣಿಗಳ ಹಲಗೆಗಳನ್ನಂತೂ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹುರಿ ಕೊಳೆತರೆ ಅಲ್ಲಿಗೆ ಮುಗಿಯಿತು.

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್ಫಾರ್ನ್ ದ್ವೀಪದಲ್ಲಿ ಹೆರಿಂಗ್ ಮೀನು ಹಿಡಿಯುತ್ತಿದ್ದ ದೋಣಿಗಳನ್ನು ಕವುಚಿ ಹಾಕಿ, ಬಾಗಿಲಿಟ್ಟು, ಸಾಮಾನಿನ ಕೋಣೆ ಮಾಡಿಕೊಂಡಿದ್ದಾರೆ. ಬೆನ್ನು ಮೇಲಾದ ದೋಣಿಯಲ್ಲಿ ಹನಿ ನೀರೂ ನಿಲ್ಲುವುದಿಲ್ಲ. ಪಕ್ಕದ ಕೋಟೆಯನ್ನು ವಾಸದ ಮನೆಯಾಗಿ ಮಾರ್ಪಡಿಸಿದವರು ನಮ್ಮ ಹೊಸದಿಲ್ಲಿಯನ್ನು ರೂಪಿಸಿದ ಎಡ್ವಿನ್ ಲುಟಿಯನ್ಸ್. 2005ರಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅಲ್ಲಿನ ಎರಡು ದೋಣಿಮನೆಗಳು ಸುಟ್ಟುಹೋದವು. ಆ ಜಾಗಕ್ಕೆ ತಗಡಿನ ಶೆಡ್ಡು ಬರಲಿಲ್ಲ, ಮತ್ತೆ ದೋಣಿಯೇ ಬಂತು. ಅಲಂಕಾರವೂ ಆಯಿತು, ಉಪಯೋಗವೂ ಆಯಿತು. ನಮ್ಮ ಜಡಿಮಳೆಗೆ ಇದಕ್ಕಿಂತ ಒಪ್ಪುವ ಉಪಾಯ ನನಗೆ ಕಾಣದು.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಂತಿರುವ ಐಎನ್‌ಎಸ್ ಚಾಪೆಲ್ ಕಥೆ ಬೇರೆ. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿಯಾದ ಆ ಕ್ಷಿಪಣಿ ನೌಕೆ ಈಗ ವಸ್ತುಸಂಗ್ರಹಾಲಯ. ಅದರ ಶತ್ರು ತುಕ್ಕು. ಉಪ್ಪುಗಾಳಿಯ ಎದುರು ಬಣ್ಣ ಬಳಿಯುವ ಕೆಲಸಕ್ಕೆ ಕೊನೆಯೆಂಬುದಿಲ್ಲ.

ಹೂವೇ ಬೇಕೆನ್ನುವವರು ಕುಂಡಗಳನ್ನು ದೋಣಿಯೊಳಗೆ ಸಾಲಾಗಿ ಇಡಲಿ. ಅಡಿಯಲ್ಲಿ ನೀರು ಹೋಗಲು ತೂತು ಕೊರೆಸಲಿ, ನೆಲಕ್ಕೆ ತಾಗದಂತೆ ಮುರಕಲ್ಲಿನ ಮೇಲೆ ಕೂರಿಸಲಿ, ಮಳೆಗೆ ಮುಂಚೆ ಎಣ್ಣೆ ಕಾಣಿಸಲಿ. ಖರ್ಚು ಹೆಚ್ಚಿಲ್ಲ. ಹೋಟೆಲಿನ ಊಟದ ದರ ನೋಡಿದರೆ ಏನೂ ಅಲ್ಲ.

ಇನ್ನೊಂದು. ನಮ್ಮ ದೋಣಿಗಳಿಗೆ ಹೆಸರಿರುತ್ತದೆ: ದೇವರದ್ದೋ, ಮಗಳದ್ದೋ. ಪೇಂಟರನ್ನು ಕರೆಸಿ ಮೊದಲು ಅಳಿಸುವುದು ಅದನ್ನೇ, ಆಮೇಲೆ ಅಲ್ಲಿ ಮೂಡುವುದು ರೆಸಾರ್ಟಿನ ಹೆಸರು. ರೆಸಾರ್ಟಿಗೆ ಗೇಟಿನ ಮೇಲೆ ಬೇಕಾದಷ್ಟು ದೊಡ್ಡ ಬೋರ್ಡು ಇದೆಯಲ್ಲ.