ಡಿವಿಡಿ ಬರ್ನ್ ಆಗದಿದ್ದರೆ ಸಾಫ್ಟ್‌ವೇರನ್ನು ಬೈಯುವ ಮುನ್ನ

ಮನೆಯ ಲ್ಯಾಪ್‌ಟಾಪಿನಲ್ಲಿ ಡಿವಿಡಿ ಬರ್ನ್ ಮಾಡುವಾಗ, ಅಂದರೆ ಖಾಲಿ ಡಿಸ್ಕಿಗೆ ಫೈಲುಗಳನ್ನು ಬರೆಯುವಾಗ, ಕೆಲಸ ಅರ್ಧಕ್ಕೆ ನಿಂತು ಎರರ್ ಕಾಣಿಸಿಕೊಂಡರೆ, ಬಹುತೇಕರು ಮೊದಲು ಮಾಡುವುದು ಇದ್ದ ಸಾಫ್ಟ್‌ವೇರನ್ನು ಕಿತ್ತುಹಾಕಿ ಇನ್ನೊಂದನ್ನು ಇನ್‌ಸ್ಟಾಲ್ ಮಾಡುವ ಕೆಲಸ. ಅದೂ ಕೈಕೊಟ್ಟರೆ ಮತ್ತೊಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ಪದ್ಧತಿಯನ್ನು ನಂಟರ ಮನೆಗಳಲ್ಲಿ ನಾನು ಮತ್ತೆ ಮತ್ತೆ ನೋಡಿದ್ದೇನೆ. ನನ್ನ ಅನುಭವದ ಮಟ್ಟಿಗೆ ಹೇಳುವುದಾದರೆ ಇಂತಹ ತೊಂದರೆಗಳ ಮೂಲ ಹೆಚ್ಚಾಗಿ ಡ್ರೈವಿನಲ್ಲಿ, ಅದಕ್ಕೆ ಸಿಗುವ ವಿದ್ಯುತ್ತಿನಲ್ಲಿ ಅಥವಾ ಖಾಲಿ ಡಿಸ್ಕಿನಲ್ಲಿ ಇರುತ್ತದೆ. ಸಾಫ್ಟ್‌ವೇರನ್ನು ಅನುಮಾನಿಸುವ ಸರದಿ ಕೊನೆಗೆ ಬರಬೇಕು. ಪೆನ್ ಡ್ರೈವ್ ಇರುವಾಗ ಈ ಉಸಾಬರಿ ಏಕೆ ಎಂದು ಕೇಳುವವರು, ಹಳೆಯ ಡಿವಿಡಿ ಪ್ಲೇಯರಿನಲ್ಲೇ ಮೊಮ್ಮಗಳ ಮದುವೆ ನೋಡಬೇಕೆನ್ನುವ ಅಜ್ಜಿಯೊಬ್ಬರನ್ನು ಒಪ್ಪಿಸಿ ಬರಲಿ.

ಮೊದಲು ನೋಡಬೇಕಾದದ್ದು ಡ್ರೈವು ಡಿವಿಡಿಯನ್ನು ಬರೆಯಬಲ್ಲದೇ ಎಂದು ತಿಳಿಸುವ, ಟ್ರೇಯ ಮುಂಭಾಗದ ಚಿಹ್ನೆಯನ್ನು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಕಾಂಬೊ ಡ್ರೈವ್ ಎಂಬುದೊಂದು ಇರುತ್ತಿತ್ತು. ಅದು ಡಿವಿಡಿಯನ್ನು ಓದುತ್ತದೆ, ಸಿಡಿಯನ್ನು ಬರೆಯುತ್ತದೆ, ಆದರೆ ಡಿವಿಡಿಯನ್ನು ಬರೆಯಲಾರದು. ಅಂತಹ ಡ್ರೈವಿನ ಮುಂದೆ ಎಷ್ಟು ಬೆಲೆಯ ಸಾಫ್ಟ್‌ವೇರ್ ತಂದಿಟ್ಟರೂ ಪ್ರಯೋಜನವಿಲ್ಲ. ಸರಿಯಾದ ರೈಟರ್ ಇದ್ದರೂ ಸಿಡಿ ಬರ್ನ್ ಆಗಿ ಡಿವಿಡಿ ಮಾತ್ರ ಆಗದಿರುವುದುಂಟು, ಏಕೆಂದರೆ ಸಿಡಿಗೆ ಬಳಸುವ 780 ನ್ಯಾನೊಮೀಟರ್ ಲೇಸರ್ ಬೇರೆ, ಡಿವಿಡಿಯ 650 ನ್ಯಾನೊಮೀಟರ್ ಲೇಸರ್ ಬೇರೆ. ಒಂದು ಸವೆದಿದ್ದರೂ ಇನ್ನೊಂದು ಗಟ್ಟಿಯಾಗಿರಬಹುದು.

ಈಗಿನ ಲ್ಯಾಪ್‌ಟಾಪುಗಳಲ್ಲಿ ಡ್ರೈವೇ ಇಲ್ಲದಿರುವುದರಿಂದ ಹೆಚ್ಚಿನವರು ಯುಎಸ್‌ಬಿಗೆ ಸಿಕ್ಕಿಸುವ ತೆಳು ರೈಟರನ್ನು ಕೊಳ್ಳುತ್ತಾರೆ, ಮತ್ತು ಜನರು ಅತಿ ಹೆಚ್ಚು ದಾರಿ ತಪ್ಪುವುದು ಇಲ್ಲಿಯೇ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಪೋರ್ಟ್ ಕೊಡಬೇಕಾದದ್ದು 900 ಮಿಲಿಆಂಪಿಯರ್. ಓದುವುದಕ್ಕಿಂತ ಬರೆಯುವುದಕ್ಕೆ ಲೇಸರ್ ಹೆಚ್ಚು ಶಕ್ತಿಯನ್ನು ಬೇಡುವುದರಿಂದ, ಸಿನಿಮಾ ಡಿಸ್ಕನ್ನು ಚೆನ್ನಾಗಿ ಓಡಿಸುವ ಡ್ರೈವು ಬರ್ನ್ ಶುರುವಾದ ಕೂಡಲೇ ವಿದ್ಯುತ್ ಸಾಲದೆ ಟಕ್ ಟಕ್ ಎಂದು ಸದ್ದು ಮಾಡಿ ಸಂಪರ್ಕ ಕಡಿದುಕೊಳ್ಳುತ್ತದೆ. ಪರದೆಯಲ್ಲಿ ಮಾತ್ರ ಸಾಫ್ಟ್‌ವೇರಿನ ಹೆಸರಿನಲ್ಲೇ ಎರರ್ ಬರುವುದರಿಂದ ಅಪವಾದ ಅದರ ತಲೆಗೆ ಬರುತ್ತದೆ. ಯುಎಸ್‌ಬಿ ಹಬ್ ತೆಗೆದು ಡ್ರೈವನ್ನು ನೇರವಾಗಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಚಾರ್ಜರ್ ಹಾಕಿ, ಸಾಧ್ಯವಾದರೆ ಎರಡು ಯುಎಸ್‌ಬಿ ಪ್ಲಗ್ಗುಗಳಿರುವ ಕೇಬಲ್ ಬಳಸಿದರೆ ಎಷ್ಟೋ ಡ್ರೈವುಗಳು ಸುಮ್ಮನೆ ಸರಿಹೋಗುತ್ತವೆ.

ಇನ್ನು ಖಾಲಿ ಡಿಸ್ಕಿನ ವಿಷಯ. ಬರೆಯುವ ಮೊದಲು ಡ್ರೈವು ಡಿಸ್ಕಿನ ಒಳಸುತ್ತಿನಲ್ಲಿ ಲೇಸರಿನ ಶಕ್ತಿ ಎಷ್ಟಿರಬೇಕೆಂದು ಪರೀಕ್ಷಿಸಿಕೊಳ್ಳುತ್ತದೆ. 'ಪವರ್ ಕ್ಯಾಲಿಬ್ರೇಷನ್ ಎರರ್' ಎಂದರೆ ಈ ಪರೀಕ್ಷೆಯೇ ಸೋತಿದೆ ಎಂದರ್ಥ. ಅಲ್ಲಿ ಬದಲಾಯಿಸಬೇಕಾದದ್ದು ಡಿಸ್ಕಿನ ಕಂಪನಿಯನ್ನು. ನಮ್ಮಲ್ಲಿ ಅಂಗಡಿ ಅಂಗಡಿಯಲ್ಲೂ ಸಿಗುತ್ತಿದ್ದ ಡಿಸ್ಕುಗಳ ಕಂಪನಿ ಮೋಸರ್ ಬೇರ್ ದಿವಾಳಿ ಪ್ರಕ್ರಿಯೆಗೆ ಸಿಕ್ಕಿ 2018ರಲ್ಲಿ ಮುಚ್ಚುವ ಹಾದಿ ಹಿಡಿದ ಮೇಲೆ, ಕಪಾಟಿನ ಮೂಲೆಯಿಂದ ಧೂಳು ಒರೆಸಿ ಕೊಡುವ ಡಿಸ್ಕು ಎಷ್ಟು ವರ್ಷ ಬಿಸಿಲು, ಥಂಡಿ ಕಂಡಿದೆಯೋ ಹೇಳಲಾಗದು. ಒಟ್ಟಿಗೆ ಐವತ್ತು ಕೊಳ್ಳುವುದಕ್ಕಿಂತ ಬೇರೆ ಬೇರೆ ಕಂಪನಿಯ ಎರಡು ಮೂರು ತಂದು ನೋಡುವುದು ಲೇಸು. ವೇಗವನ್ನು ತಗ್ಗಿಸಬೇಕೆಂಬ ಸಲಹೆಯೂ ಅರ್ಧ ಮಾತ್ರ ಸರಿ: 16ಎಕ್ಸ್, ಅಂದರೆ ಮೂಲ ವೇಗದ ಹದಿನಾರು ಪಟ್ಟು, ಎಂದು ಬರೆದ ಡಿಸ್ಕು ತೀರ ನಿಧಾನಕ್ಕೆ ತಯಾರಾದದ್ದಲ್ಲ. ಡ್ರೈವು ತೋರಿಸುವ ವೇಗಗಳಲ್ಲಿ ನಡುವಿನದನ್ನು, ಉದಾಹರಣೆಗೆ 4ಎಕ್ಸ್ ಅನ್ನು ಆರಿಸಿದರೆ, ತುಂಬಿದ ಡಿಸ್ಕಿಗೆ ಹದಿನೈದು ನಿಮಿಷದಷ್ಟು ಹಿಡಿಯುತ್ತದೆ.

ಸಾಫ್ಟ್‌ವೇರಿನದೇ ತಪ್ಪಿರುವ ಸಂದರ್ಭಗಳೂ ಇವೆ, ಆದರೆ ಅವೂ ನಾವು ಒಂದರ ಮೇಲೊಂದು ಪೇರಿಸಿದ್ದರಿಂದ ಬಂದವೇ ಹೆಚ್ಚು. ಕೆಲವು ಬರ್ನಿಂಗ್ ಸಾಫ್ಟ್‌ವೇರುಗಳು ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಎಂಬ ಜಾಗಗಳಲ್ಲಿ ತಮ್ಮ ಡ್ರೈವರುಗಳನ್ನು (ಡ್ರೈವಿನೊಡನೆ ವ್ಯವಹರಿಸುವ ಪುಟ್ಟ ಪ್ರೋಗ್ರಾಂಗಳನ್ನು) ಸೇರಿಸುತ್ತವೆ. ಅನ್‌ಇನ್‌ಸ್ಟಾಲ್ ಆದ ಮೇಲೂ ಆ ನಮೂದು ಉಳಿದರೆ ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವಿನ ಪಕ್ಕ ಹಳದಿ ಗುರುತು, ಕೋಡ್ 19 ಅಥವಾ 39 ಕಾಣಿಸುತ್ತದೆ. ರಿಜಿಸ್ಟ್ರಿಯ ಬ್ಯಾಕಪ್ ಇಟ್ಟುಕೊಂಡು, ಸಿಡಿ-ಡಿವಿಡಿ ವಿಭಾಗದಲ್ಲಿರುವ ಆ ನಮೂದುಗಳನ್ನಷ್ಟೇ ಅಳಿಸಿ ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಬೇಕು. ಸಿ ಡ್ರೈವಿನಲ್ಲಿ ಜಾಗವಿಲ್ಲದಿದ್ದರೂ ಬರ್ನ್ ನಿಲ್ಲಬಹುದು, ಏಕೆಂದರೆ ಫೈಲುಗಳು ಮೊದಲು ಅಲ್ಲಿನ ತಾತ್ಕಾಲಿಕ ಫೋಲ್ಡರಿಗೆ ನಕಲಾಗುತ್ತವೆ. 4.7 ಜಿಬಿ ಡಿಸ್ಕನ್ನು ವಿಂಡೋಸ್ ತನ್ನ ಲೆಕ್ಕದಲ್ಲಿ 4.38 ಜಿಬಿಯಷ್ಟೆಂದು ಎಣಿಸುವುದರಿಂದ, ಅದು 4.6 ಎಂದು ತೋರಿಸುವ ಫೈಲು ಹಿಡಿಸುವುದಿಲ್ಲ.

ಬರ್ನ್ ಆದ ಡಿಸ್ಕು ಲ್ಯಾಪ್‌ಟಾಪಿನಲ್ಲಿ ಓಡಿ ಟಿವಿಯ ಪ್ಲೇಯರಿನಲ್ಲಿ ಓಡದಿದ್ದರೆ ಅದು ಬೇರೆಯೇ ಕಥೆ. ಎಂಪಿ4 ಫೈಲನ್ನು ಎಳೆದು ಹಾಕಿದರೆ ಅದು ಡೇಟಾ ಡಿಸ್ಕು ಮಾತ್ರ. ಹಳೆಯ ಪ್ಲೇಯರಿಗೆ ಬೇಕಾದದ್ದು ವಿಡಿಯೊ_ಟಿಎಸ್ ಫೋಲ್ಡರಿನೊಳಗೆ ಎಂಪೆಗ್-2 ರೂಪದಲ್ಲಿರುವ ವಿಡಿಯೊ, ನಮ್ಮ ಟಿವಿಗಳ ಪಾಲ್ ಪದ್ಧತಿಯಲ್ಲಿ 720x576 ಪಿಕ್ಸೆಲ್ ಅಳತೆಯದು. ವಿಂಡೋಸ್ 7ರಲ್ಲಿ ಈ ಕೆಲಸಕ್ಕಿದ್ದ ಡಿವಿಡಿ ಮೇಕರನ್ನು ವಿಂಡೋಸ್ 8ರಿಂದ ಕೈಬಿಟ್ಟದ್ದು ನನಗೆ ಇಂದಿಗೂ ಸರಿಕಾಣುವುದಿಲ್ಲ. ಈಗ ಉಚಿತವಾಗಿ ಸಿಗುವ ಡಿವಿಡಿಸ್ಟೈಲರ್ ಎಂಬ ಸಾಫ್ಟ್‌ವೇರ್ ಸಾಕು.

ಕೊನೆಯದಾಗಿ ವೆರಿಫೈ ಎಂಬ ಆಯ್ಕೆಯನ್ನು ತೆಗೆಯಬೇಡಿ. ಇಮ್ಗ್‌ಬರ್ನ್ ಎಂಬ ಬರ್ನಿಂಗ್ ಸಾಫ್ಟ್‌ವೇರ್ ಬರೆದು ಮುಗಿಸಿ, ಬರೆದದ್ದನ್ನು ಮೂಲದೊಡನೆ ಹೋಲಿಸುವ ಮೊದಲು ಟ್ರೇಯನ್ನು ಒಮ್ಮೆ ಹೊರಗೆ ತಳ್ಳುತ್ತದೆ. ಡೆಸ್ಕ್‌ಟಾಪಿನಲ್ಲಿ ಅದು ತಾನೇ ಒಳಗೆ ಹೋಗುತ್ತದೆ, ಲ್ಯಾಪ್‌ಟಾಪಿನ ತೆಳು ಡ್ರೈವಿನಲ್ಲಿ ನಾವೇ ಕೈಯಿಂದ ತಳ್ಳಬೇಕು. ಟ್ರೇ ಹೊರಬಂದದ್ದನ್ನು ಕಂಡು ಕೆಲಸ ಮುಗಿಯಿತೆಂದು ಡಿಸ್ಕನ್ನು ಎತ್ತಿಟ್ಟು, ಪರದೆಯ ಮೇಲೆ ಕಾಯುತ್ತಿರುವ ಸೂಚನೆಯನ್ನು ಎರರ್ ಎಂದುಕೊಂಡು ನನಗೆ ಫೋನ್ ಮಾಡುವವರು ಈಗಲೂ ಇದ್ದಾರೆ.