ಇಪ್ಪತ್ತೊಂದನೇ ನಂಬರ್ ಕೌಂಟರ್

ಖಜಾನೆಯಲ್ಲಿ ಸೂಪರಿಂಟೆಂಡೆಂಟಾಗಿದ್ದು ರಿಟೈರಾದ ನಮ್ಮ ಸೋದರಮಾವನಿಗೆ ಮನೆತನದ ವಂಶವೃಕ್ಷವನ್ನು ಇಂಟರ್ನೆಟ್ಟಿಗೆ ಏರಿಸುವ ಹುಕಿ ಬಂತು. ಹುಕಿ ಬಂದರೂ ದುಡ್ಡು ಬಿಚ್ಚುವ ಪೈಕಿ ಅಲ್ಲ ಅವರು. ಎಲ್ಲೋ ಹುಡುಕಿ ಬಿಟ್ಟಿ ಹೋಸ್ಟಿಂಗ್, ಅಂದರೆ ಸೈಟ್ ಇಡಲು ಜಾಗ, ಕೊಡುವ ಒಂದು ಕಂಪನಿಯನ್ನು ಹಿಡಿದು, ಅಕೌಂಟನ್ನೂ ತೆರೆದು, ಆಮೇಲೆ ನನಗೆ ಫೋನ್ ಮಾಡಿದರು. "ಜಾಗ ಸಿಕ್ತು ಕಣೋ. ಸಾಮಾನು ಸಾಗಿಸೋದು ಹೆಂಗೆ ಹೇಳು."

ಸಾಮಾನು ಸಾಗಿಸುವುದಕ್ಕೆ ಇರುವುದು, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಫೈಲು ಕಳಿಸುವ ಪದ್ಧತಿ, ಎಫ್‌ಟಿಪಿ. ಮಾವ ಅದರ ವಿಳಾಸವನ್ನು ಕ್ರೋಮ್‌ನಲ್ಲಿ ಟೈಪಿಸಿ, ಏನೂ ಆಗದೆ, ಇಂಟರ್ನೆಟ್ ಕೊಡುವ ಹುಡುಗನಿಗೆ ಆಗಲೇ ಬೈದೂ ಆಗಿತ್ತು. ಪಾಪದ ಹುಡುಗ. 2021ರಲ್ಲೇ ಕ್ರೋಮ್, ಫೈರ್‌ಫಾಕ್ಸ್ ಎರಡೂ ಎಫ್‌ಟಿಪಿಯನ್ನು ಕೈಬಿಟ್ಟಿವೆ. ಅದಕ್ಕೆ ಬೇರೆಯೇ ತಂತ್ರಾಂಶ ಬೇಕು ಎಂದು ಫೈಲ್‌ಜಿಲ್ಲಾ ಹಾಕಿಸಿಕೊಟ್ಟೆ. ಎಡಗಡೆ ನಮ್ಮ ಕಂಪ್ಯೂಟರು, ಬಲಗಡೆ ಸೈಟ್ ಇಡುವ ಅವರ ಕಂಪ್ಯೂಟರು, ಅಂದರೆ ಸರ್ವರು, ಮೇಲುಗಡೆ ಇಬ್ಬರ ನಡುವಿನ ಮಾತುಕತೆ ಸಾಲುಸಾಲಾಗಿ ಮೂಡುತ್ತಾ ಹೋಗುತ್ತದೆ. ನಮ್ಮಂಥವರು ಆ ಸಾಲುಗಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಮಾವ ಕನ್ನಡಕ ಏರಿಸಿ ಅದನ್ನೇ ಓದಲು ಕೂತರು.

"220 ಅಂತಾನೆ."

"ಬನ್ನಿ ಅಂತಿದಾನೆ ಮಾವ."

"331."

"ಹೆಸರು ಸಿಕ್ತು, ಪಾಸ್‌ವರ್ಡ್ ಕೊಡಿ ಅಂತ."

"ಕ್ರಮ ಸರಿಯಾಗಿದೆ. ಈಗ 530."

530 ಎಂದರೆ ಆಚೆ ನಡಿ ಎಂದರ್ಥ. ಪಾಸ್‌ವರ್ಡ್ ಸರಿಯಾಗಿಯೇ ಇದೆ ಎಂದು ಮಾವನ ವಾದ. ಇತ್ತು ಕೂಡ, ಆದರೆ ಅದು ಕಂಪನಿಯ ಅಕೌಂಟಿನದು. ಬಿಟ್ಟಿ ಹೋಸ್ಟಿಂಗ್‌ನವರು ಎಫ್‌ಟಿಪಿಗೆಂದೇ ಬೇರೆ ಯೂಸರ್‌ನೇಮು, ಬೇರೆ ಪಾಸ್‌ವರ್ಡು ಕೊಟ್ಟಿರುತ್ತಾರೆ. ಆ ಹೆಸರೋ, ಲಾರಿಯ ನಂಬರ್ ಪ್ಲೇಟಿನಂತೆ ಅರ್ಧ ಅಕ್ಷರ ಅರ್ಧ ಅಂಕಿ. ಅದನ್ನು ಹುಡುಕಿಸಿ ಹಾಕಿಸಿದರೂ ಮತ್ತೆ 530! ಕಡೆಗೆ ಪಾಸ್‌ವರ್ಡ್ ಕಾಣುವಂತೆ ಮಾಡಿ, ಕರ್ಸರನ್ನು ಕೊನೆಗೆ ಒಯ್ಯಿರಿ ಎಂದೆ. ಕೊನೆಯ ಅಕ್ಷರಕ್ಕೂ ಕರ್ಸರಿಗೂ ನಡುವೆ ಒಂದು ಕೂದಲೆಳೆಯಷ್ಟು ಜಾಗ. ಕಾಪಿ ಮಾಡುವಾಗ ಹಿಂದೆ ಒಂದು ಸ್ಪೇಸ್ ಅಂಟಿಕೊಂಡು ಬಂದಿತ್ತು. ಅಳಿಸಿದ ಕೂಡಲೇ ಒಳಗೆ ಬಿಟ್ಟ.

ಒಳಗೇನೋ ಬಿಟ್ಟ, ಫೋಲ್ಡರುಗಳ ಪಟ್ಟಿ ಮಾತ್ರ ತೋರಿಸಲೊಲ್ಲ. ಇಲ್ಲಿ ಎಫ್‌ಟಿಪಿಯ ಒಂದು ವಿಚಿತ್ರ ಹೇಳಬೇಕು. ಅದಕ್ಕೆ ಎರಡು ದಾರಿ ಬೇಕು. 21ನೇ ಪೋರ್ಟಿನಲ್ಲಿ, ಅಂದರೆ 21ನೇ ನಂಬರಿನ ಬಾಗಿಲಿನಲ್ಲಿ, ಬರೀ ಮಾತು. ಸರಕು ಬರುವುದು ಹೋಗುವುದು ಬೇರೆ ದಾರಿಯಲ್ಲಿ. ಹಳೆಯ ಪದ್ಧತಿಯಲ್ಲಾದರೆ, ಈ ಎರಡನೆಯ ದಾರಿಗೆ ಸರ್ವರೇ ತಿರುಗಿ ನಮ್ಮ ಕಂಪ್ಯೂಟರಿನ ಬಾಗಿಲು ತಟ್ಟುತ್ತದೆ. ನಮ್ಮ ಫೈರ್‌ವಾಲು, ಯಾರೋ ಗುರುತಿಲ್ಲದವನು ಎಂದು ಅಗಳಿ ಹಾಕುತ್ತದೆ. ಪ್ಯಾಸಿವ್ ಮೋಡ್‌ನಲ್ಲಿ ಎರಡೂ ಸಲ ನಾವೇ ಹೋಗುವುದು.

ನನಗೆ ಇದನ್ನು ಅರ್ಥ ಮಾಡಿಕೊಳ್ಳಲು ಬೇಕಾದಷ್ಟು ಕಾಲ ಹಿಡಿದಿತ್ತು. ಮಾವ ಅರೆಗಳಿಗೆಯಲ್ಲಿ, "ಚಲನ್ ಒಂದ್ ಕೌಂಟರು, ಕ್ಯಾಶ್ ಇನ್ನೊಂದು. ಅಷ್ಟೇ ತಾನೆ? ಇಷ್ಟು ಶಿಸ್ತಾಗಿ ಯಾರಪ್ಪ ಮಾಡಿದ್ದು ಇದನ್ನ?" ಎಂದರು. ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್ ಎಂಬವರು 1971ರಲ್ಲಿ ಬರೆದಿದ್ದು ಎಂದೆ.

"ನಾನಾಗ ಮೂರನೇ ಕ್ಲಾಸು," ಎಂದು ಲೆಕ್ಕ ಹಾಕಿದರು. "ನಮ್ಮೋರೇ ಅನ್ನು. ಅದಕ್ಕೇ ಎರಡು ಕೌಂಟರು."

ಪ್ಯಾಸಿವ್ ಮೋಡಿಗೆ ಬದಲಿಸಿದ ಮೇಲೆ ಪಟ್ಟಿ ಬಂತು, ಫೈಲೂ ಹೋಯಿತು, ಸಾಗಣೆ ಪೂರ್ಣಗೊಂಡಿತು ಎಂಬ 226ರ ಶಾಸನವೂ ಮೂಡಿತು. ಸೈಟ್ ತೆರೆದರೆ ಕಂಪನಿಯದೇ ಸ್ವಾಗತ ಫಲಕ. ಫೈಲು ಇರಬೇಕಾದ್ದು ಎಚ್‌ಟಿಡಾಕ್ಸ್ ಎಂಬ ಫೋಲ್ಡರಿನ ಒಳಗೆ, ಅದು ಹೊರಗೆ ಜಗಲಿಯಲ್ಲಿ ಕೂತಿತ್ತು. ಒಳಗೆ ತಳ್ಳಿದರೂ ಅದೇ ಫಲಕ. ಮುಖಪುಟದ ಫೈಲಿನ ಹೆಸರು 'ಇಂಡೆಕ್ಸ್' ಎನ್ನುವುದನ್ನು ಮಾವ ಮರ್ಯಾದೆಯಿಂದ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಶುರುಮಾಡಿದ್ದರು. ವಿಂಡೋಸ್‌ಗೆ ದೊಡ್ಡದು ಚಿಕ್ಕದು ಎಲ್ಲ ಒಂದೇ. ಕಂಪನಿಯ ಲಿನಕ್ಸ್ ಸರ್ವರಿಗೆ ಅವು ಬೇರೆ ಬೇರೆ ಫೈಲುಗಳು. "ಹೆಸರಿನ ಮೊದಲಕ್ಷರ ಚಿಕ್ಕದಾಗಿ ಬರೆಯೋದು ಅಂದ್ರೇನು, ಸಂಸ್ಕಾರವೇ?" ಎಂದು ಗೊಣಗುತ್ತಲೇ ತಿದ್ದಿದರು.

ಈಗ ಪುಟ ಬಂತು. ಆದರೆ ನಮ್ಮ ಮೂಲಪುರುಷನ ಹೆಸರಿರಬೇಕಾದ ಕಡೆ ತಲೆಯ ಮೇಲೆ ಗೀಟು, ಟೋಪಿ, ಜೋಡಿಚುಕ್ಕಿ ಹೊತ್ತ ಯುರೋಪಿನ ಅಕ್ಷರಗಳು. ಮಾವ ಇಡೀ ವಂಶವನ್ನು, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಎಂಬ ಅಕ್ಷರಪದ್ಧತಿ ಬರುವುದಕ್ಕೆ ಮುಂಚಿನ ಆಫೀಸು ಕಾಲದ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಆ ಫಾಂಟ್ ಇದ್ದ ಕಂಪ್ಯೂಟರಿನಲ್ಲಷ್ಟೇ ಅದು ಕನ್ನಡ, ಮಿಕ್ಕ ಕಡೆ ನಮ್ಮ ಮುತ್ತಜ್ಜಂದಿರೆಲ್ಲ ಫ್ರೆಂಚರು. ಅತ್ತೆ ಹಿಂದಿನಿಂದ ಇಣುಕಿ, "ಅದಕ್ಕೇ ನಿಮ್ಮನೇವ್ರಿಗೆ ಅಷ್ಟು ಜಂಬ," ಅಂದದ್ದು ಫೋನಿನಲ್ಲಿ ನನಗೂ ಕೇಳಿಸಿತು. ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿದೆವು. ಒತ್ತಕ್ಷರಗಳು ಅಲ್ಲಲ್ಲಿ ಕಾಲು ಮುರಿದುಕೊಂಡವು, ಮಾವ ಕೂತು ಒಂದೊಂದಾಗಿ ಕಟ್ಟು ಹಾಕಿದರು.

ಸೈಟ್ ಈಗ ಚೆನ್ನಾಗಿದೆ. ಬಿಟ್ಟಿ ಜಾಗವಾದ್ದರಿಂದ ಮೂಲಪುರುಷನ ನೆತ್ತಿಯ ಮೇಲೆ ತೂಕ ಇಳಿಸುವ ಪುಡಿಯ ಜಾಹೀರಾತು ಒಂದಿದೆ, ಅದನ್ನು ಸಹಿಸಿಕೊಂಡಿದ್ದೇವೆ. ಆದರೆ ಮೊನ್ನೆ ಕಂಪನಿಯಿಂದ ಪತ್ರ ಬಂತು: ಯಾರೂ ನೋಡದ ಸೈಟುಗಳನ್ನು ಅಳಿಸಿ ಹಾಕುತ್ತೇವೆ ಅಂತ. ಮಾವ ಗಾಬರಿಯಾಗಲಿಲ್ಲ. ಅದೇ ಸಂಜೆ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಕ್ರಮಸಂಖ್ಯೆ, ಹೆಸರು, ವಾರ, ಷರಾ ಎಂಬ ನಾಲ್ಕು ಕಾಲಮ್ಮಿನ ಪಾಳಿ ಪಟ್ಟಿ ಬಂದು ಬಿತ್ತು. ಭಾನುವಾರ ನನ್ನದು. ರಜೆ ಬೇಕಿದ್ದವರು ಬದಲಿ ವ್ಯವಸ್ಥೆ ಮಾಡಿಕೊಂಡು ಮುಂಚಿತವಾಗಿ ತಿಳಿಸತಕ್ಕದ್ದು.