ಡೈನೋಸಾರ್ ತಂಡವೂ ನಮ್ಮ ಆರ್‌ಸಿಬಿಯೂ

12.5 ಕೋಟಿ ಡಾಲರ್ ಕೊಡ್ತೀವಿ ಅಂದರೂ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಸುಮ್ನೆ ತಂಡ ಕೊಟ್ಟುಬಿಡಲಿಲ್ಲ. ನಾನಿರುವ ಕೆನಡಾದ ಟೊರೊಂಟೊಗೆ 1993ರಲ್ಲಿ ಜಾನ್ ಬಿಟೊವ್ ಅವರ ಗುಂಪು ಬ್ಯಾಸ್ಕೆಟ್‌ಬಾಲ್ ತಂಡ ತಂದಾಗ ಷರತ್ತುಗಳೂ ಜೊತೆಗೇ ಬಂದವು. ಇಲ್ಲಿನ ಒಂಟಾರಿಯೊ ಪ್ರಾಂತ್ಯದ ಸರ್ಕಾರ ತನ್ನ ಲಾಟರಿಯಲ್ಲಿ ಎನ್‌ಬಿಎ ಪಂದ್ಯಗಳ ಮೇಲಿನ ಬೆಟ್ಟಿಂಗ್ ನಿಲ್ಲಿಸಬೇಕಿತ್ತು. ತಂಡದವರು ದಾನಧರ್ಮಕ್ಕೆ ಹಣ ಕೊಡಬೇಕೆಂದು ಚೌಕಾಸಿ ಮಾಡಿ ಸರ್ಕಾರ ಒಪ್ಪಿತು. (ಈಗ ಅದೇ ಲೀಗಿನ ಪಂದ್ಯಗಳ ನಡುವೆ ಬೆಟ್ಟಿಂಗ್ ಜಾಹೀರಾತು ಬರುತ್ತವೆ, ಆ ಮಾತು ಬಿಡಿ.)

ಇನ್ನೊಂದು ಷರತ್ತು ಕಷ್ಟದ್ದು. 12,500 ಸೀಸನ್ ಟಿಕೆಟ್ (ಇಡೀ ಸೀಸನ್ನಿನ ಪಂದ್ಯಗಳದ್ದು) ಮುಂಚೆಯೇ ಮಾರಬೇಕು. ಆಟಗಾರರೇ ಇಲ್ಲ, ಊರು ನೋಡಿದರೆ ಐಸ್ ಹಾಕಿ ಅಂದ್ರೆ ಪ್ರಾಣ ಬಿಡುವಂಥದ್ದು. ಕಡೆಗೆ ಶಾಪರ್ಸ್ ಡ್ರಗ್ ಮಾರ್ಟ್ ಔಷಧಿ ಅಂಗಡಿಯವರು ಕೈಹಿಡಿದರು, ಲೆಕ್ಕ ತುಂಬಿತು.

ಹೆಸರಿಗೂ ದೇಶದ ತುಂಬ ಜನರನ್ನು ಕೇಳಿದರು. ಹಿಂದಿನ ವರ್ಷವಷ್ಟೇ ಡೈನೋಸಾರ್ ಸಿನಿಮಾ 'ಜುರಾಸಿಕ್ ಪಾರ್ಕ್' ಓಡಿತ್ತಲ್ಲ, 1994ರಲ್ಲಿ ಅದರಲ್ಲಿದ್ದ ಒಂದು ಡೈನೋಸಾರಿನಿಂದ ರ‍್ಯಾಪ್ಟರ್ಸ್ ಎಂಬ ಹೆಸರು ಬಂತು. ನೇರಳೆ ಜೆರ್ಸಿಯ ಮೇಲೆ ಚೆಂಡು ಪುಟಿಸುವ ಡೈನೋಸಾರ್! ನಕ್ಕವರು ನಕ್ಕರು, ಕೊಂಡವರು ಕೊಂಡರು.

ಬೆಂಗಳೂರಿನಲ್ಲಿ ಆದದ್ದೇ ಬೇರೆ. 2008ರಲ್ಲಿ ಮಲ್ಯ 11.16 ಕೋಟಿ ಡಾಲರಿಗೆ ತಂಡ ಕೊಂಡರು, ತಮ್ಮ ವಿಸ್ಕಿಯ ಹೆಸರನ್ನೇ ಸ್ವಲ್ಪ ತಿದ್ದಿ ಇಟ್ಟರು. ನಮ್ಮನ್ನು ಯಾರು ಕೇಳಿದರು? ಆದರೂ ಮೊದಲ ವರ್ಷ ಎಂಟರಲ್ಲಿ ಏಳನೆಯವರಾದ ತಂಡವನ್ನು ನಾವು ಬಿಡಲಿಲ್ಲ. ಕಪ್ಪಿಗೆ 2025ರ ತನಕ ಕಾದೆವು.

ರ‍್ಯಾಪ್ಟರ್ಸ್ ಕೂಡ ಮೊದಲ ಸೀಸನ್ನಿನಲ್ಲಿ 82 ಪಂದ್ಯಗಳಲ್ಲಿ ಗೆದ್ದದ್ದು 21. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 'ಡ್ರಾಫ್ಟ್' 1995ರಲ್ಲಿ ಟೊರೊಂಟೊದಲ್ಲೇ ನಡೆಯಿತು. ಡೇಮನ್ ಸ್ಟೌಡಮೈರ್ ಅವರನ್ನು ಆರಿಸಿದಾಗ ಈ ಊರಿನವರೇ 'ಬೂ' ಎಂದು ಕೂಗಿದರು. ಅವರೇ ಆ ವರ್ಷದ ಅತ್ಯುತ್ತಮ ಹೊಸ ಆಟಗಾರರಾದರು. ಆ ಸೀಸನ್ನಿನಲ್ಲಿ ಮೈಕಲ್ ಜೋರ್ಡಾನ್ ಅವರ ಶಿಕಾಗೊ ಬುಲ್ಸ್ ಸೋತದ್ದು ಹತ್ತೇ ಪಂದ್ಯ. ಅದರಲ್ಲೊಂದು ಟೊರೊಂಟೊ ತಂಡದ ಕೈಲಿ, 109-108.

ನನಗೆ ಟೊರೊಂಟೊ ರೀತಿಯೇ ಇಷ್ಟ. ಕೇಳಿದರೆ ಜನ ಸಿನಿಮಾ ನೋಡಿ ಹೆಸರಿಟ್ಟಾರು, ಒಳ್ಳೆ ಆಟಗಾರನಿಗೇ 'ಬೂ' ಅಂದಾರು. ಅಡ್ಡಿಯಿಲ್ಲ. ಅಭಿಮಾನ ಬೆಂಗಳೂರಿನವರದ್ದೇ ಜಾಸ್ತಿ, ಆದರೆ ಮಾಲೀಕರಿಗೆ ಅದು ಪುಕ್ಕಟೆ ಸಿಕ್ಕಿತು, ಅಲ್ವಾ? ನಾಳೆ ಅಲ್ಲಿಗೊಂದು ದೊಡ್ಡ ಬ್ಯಾಸ್ಕೆಟ್‌ಬಾಲ್ ತಂಡ ಬಂದರೆ, ಮಲ್ಲೇಶ್ವರದ ಬೀಗಲ್ಸ್ ಕ್ಲಬ್ಬಿನಲ್ಲಿ ಆಡುವ ಹುಡುಗ ಹುಡುಗಿಯರನ್ನು ಮೊದಲು ಕೇಳಲಿ. ಹೆಸರು ಆಮೇಲೆ, ಟಿಕೆಟ್ಟಿಗೆ ಎಷ್ಟು ಕೊಡಬಲ್ಲಿರಿ ಅಂತ ಮೊದಲು.